ನೋಡುತ್ತಾ ನಿಂತವರು

(ಪವಿತ್ರ ಶಿಲುಬೆಯ ಮಹಿಮೋತ್ಸವದಂದು, ಸೆಪ್ಟೆಂಬರ್ 14, ಉಗಾರ ಬುದ್ರುಕದಲ್ಲಿ ಕೂಡಿದ್ದ ಕುಟುಂಬಗಳಿಗೆ ನೀಡಿದ ಪ್ರಬೋಧನೆ. ವಾಚನಗಳು: ಸಂಖ್ಯಾಕಾಂಡ 21:4-9, ಫಿಲಿಪ್ಪಿಯರಿಗೆ 2:6-11, ಯೊವಾನ್ನ 3:13-17)



ಕೃಷ್ಣೆಯ ದಂಡೆಯಲ್ಲಿ ಬಾಳುವ ನಿಮಗೆ ಹಾವಿನ ಸಂಗತಿಯನ್ನು ನಾನು ಹೇಳಿಕೊಡಬೇಕಾಗಿಲ್ಲ. 2019ರ ಆಗಸ್ಟ್ ತಿಂಗಳನ್ನು ನೆನಪಿಸಿಕೊಳ್ಳಿ. ನದಿ ಉಕ್ಕಿತು, ಕುಡಚಿ ಸೇತುವೆ ನೀರಿನಲ್ಲಿ ಮುಳುಗಿತು, ಎಷ್ಟೋ ಜನ ಮನೆ ಬಿಟ್ಟು ಹೋಗಬೇಕಾಯಿತು. ನೀರು ಇಳಿದ ಮೇಲೆ ಹಿಂದಿರುಗಿದವರು ಮೊದಲು ಮಾಡಿದ ಕೆಲಸ ಯಾವುದು? ಕೋಲು ಹಿಡಿದು ಮೂಲೆ ಮೂಲೆ ನೋಡಿದ್ದು. ಕಾಳಿನ ಚೀಲದ ಹಿಂದೆ, ಹಾಸಿಗೆಯ ಕೆಳಗೆ, ದನದ ಕೊಟ್ಟಿಗೆಯಲ್ಲಿ. ಹಾವು ಇದೆಯೋ ಇಲ್ಲವೋ ಎಂದು ಕಣ್ಣಾರೆ ನೋಡುವ ತನಕ ಯಾವ ತಾಯಿಯೂ ಮಗುವನ್ನು ನೆಲಕ್ಕೆ ಬಿಡಲಿಲ್ಲ.

ಇಂದಿನ ಮೊದಲನೆಯ ವಾಚನದಲ್ಲೂ ಹಾವುಗಳೇ ಇವೆ. ಮರುಭೂಮಿಯಲ್ಲಿ ಇಸ್ರಯೇಲರನ್ನು ವಿಷಸರ್ಪಗಳು ಕಚ್ಚುತ್ತವೆ, ಬಹಳ ಜನ ಸಾಯುತ್ತಾರೆ. ಹಾವುಗಳನ್ನು ತೊಲಗಿಸು ಎಂದು ಜನ ಬೇಡಿಕೊಳ್ಳುತ್ತಾರೆ. ಆದರೆ ದೇವರು ಹಾವುಗಳನ್ನು ತೊಲಗಿಸಿದರೆಂದು ಅಲ್ಲಿ ಬರೆದಿಲ್ಲ. ಕಂಚಿನ ಸರ್ಪವೊಂದನ್ನು ಮಾಡಿ ಕಂಬದ ಮೇಲೆ ಎತ್ತಿ ನಿಲ್ಲಿಸುವಂತೆ ಮೋಶೆಗೆ ಹೇಳುತ್ತಾರೆ. ಕಚ್ಚಿಸಿಕೊಂಡವನು ಅದನ್ನು ನೋಡಿದರೆ ಬದುಕುತ್ತಾನೆ. ಎಂಥ ವಿಚಿತ್ರ ಔಷಧ! ಯಾವುದು ಕಚ್ಚಿತೋ ಅದನ್ನೇ ತಲೆ ಎತ್ತಿ ನೋಡಬೇಕು.

ಶುಭಸಂದೇಶದಲ್ಲಿ ಪ್ರಭು ಯೇಸು ರಾತ್ರಿಯ ಹೊತ್ತು ಬಂದ ನಿಕೊದೇಮನಿಗೆ ಇದೇ ಘಟನೆಯನ್ನು ನೆನಪಿಸಿ, ಆ ಸರ್ಪದಂತೆಯೇ ತಾವೂ ಮೇಲಕ್ಕೆತ್ತಲ್ಪಡಬೇಕು ಎನ್ನುತ್ತಾರೆ. ಹಾಗಾದರೆ ಶಿಲುಬೆಯನ್ನು ನೋಡುವಾಗ ನಾವು ಎರಡನ್ನು ನೋಡುತ್ತೇವೆ. ಒಂದು, ದೇವರ ಪ್ರೀತಿ. ಇನ್ನೊಂದು, ನಮ್ಮನ್ನು ಕಚ್ಚಿರುವ ಹಾವು. ಆ ಹಾವಿನ ಹೆಸರು ಹಿಂಸೆ. ಒಬ್ಬ ನಿರಪರಾಧಿಯನ್ನು ಮನುಷ್ಯರು ಕೂಡಿ ಏನು ಮಾಡಬಲ್ಲರು ಎಂಬುದು ಅಲ್ಲಿ ಎಲ್ಲರಿಗೂ ಕಾಣುವಂತೆ ಎತ್ತಿ ನಿಲ್ಲಿಸಲ್ಪಟ್ಟಿದೆ. ಮೊದಲನೆಯದನ್ನು ನೋಡುವುದು ನಮಗೆ ಇಷ್ಟ. ಎರಡನೆಯದನ್ನು ನೋಡಲು ಮನಸ್ಸಿಲ್ಲ. ಇಂದು ಅದನ್ನು ನೋಡೋಣ.

ನೋಡಲೆಂದೇ ನೆಟ್ಟ ಕಂಬ

ರೋಮನ್ನರು ಶಿಲುಬೆಯನ್ನು ಗುಟ್ಟಾಗಿ ನೆಡುತ್ತಿರಲಿಲ್ಲ. ಕ್ರಿಸ್ತಪೂರ್ವ 71ರಲ್ಲಿ ಸ್ಪಾರ್ಟಕಸನ ನೇತೃತ್ವದ ಗುಲಾಮರ ದಂಗೆಯನ್ನು ಅಡಗಿಸಿದಾಗ, ಸೆರೆಸಿಕ್ಕ ಸುಮಾರು 6,000 ಮಂದಿಯನ್ನು ರೋಮಿಗೆ ಹೋಗುವ ಹೆದ್ದಾರಿಯ ಉದ್ದಕ್ಕೂ ಶಿಲುಬೆಗೇರಿಸಿದರು. ದಾರಿಹೋಕರು ನೋಡಬೇಕು, ನೋಡಿ ಹೆದರಬೇಕು, ಹೆದರಿ ಬಾಯಿ ಮುಚ್ಚಿಕೊಳ್ಳಬೇಕು. ನೋಡುವವರಿಲ್ಲದಿದ್ದರೆ ಶಿಲುಬೆಗೆ ಅರ್ಥವೇ ಇರಲಿಲ್ಲ. ಹೊಡೆಯುವವನು, ಹೊಡೆಸಿಕೊಳ್ಳುವವನು, ನೋಡುವವನು: ಈ ಮೂವರೂ ಸೇರಿದಾಗ ಮಾತ್ರ ಅಂಥ ಹಿಂಸೆ ಪೂರ್ತಿಯಾಗುತ್ತದೆ.

ಕಲ್ವಾರಿಯಲ್ಲೂ ನೋಡುವವರಿದ್ದರು. ಸಂತ ಲೂಕರು ಇದನ್ನು ಬಹಳ ಎಚ್ಚರಿಕೆಯಿಂದ ಬರೆದಿದ್ದಾರೆ. ಅಧಿಕಾರಿಗಳು ಹಾಸ್ಯ ಮಾಡಿದರು, ಸೈನಿಕರು ಅಣಕಿಸಿದರು. ಜನ? ಜನ ನೋಡುತ್ತಾ ನಿಂತಿದ್ದರು. ಅವರು ಮೊಳೆ ಹೊಡೆಯಲಿಲ್ಲ, ಉಗುಳಲಿಲ್ಲ. ಸುಮ್ಮನೆ ನಿಂತಿದ್ದರು.

ಪ್ರಿಯರೇ, ನಮ್ಮ ಜಿಲ್ಲೆಯಲ್ಲೇ ಇದು ನಡೆದಿದೆ. 2023ರ ಡಿಸೆಂಬರ್‌ನಲ್ಲಿ ಬೆಳಗಾವಿ ತಾಲೂಕಿನ ಹೊಸ ವಂಟಮುರಿ ಗ್ರಾಮದಲ್ಲಿ ಒಬ್ಬ ಯುವಕ ತಾನು ಪ್ರೀತಿಸಿದ ಹುಡುಗಿಯೊಂದಿಗೆ ಊರು ಬಿಟ್ಟು ಹೋದ. ಆ ರಾತ್ರಿ ಹುಡುಗಿಯ ಕಡೆಯವರು ಅವನ ತಾಯಿಯನ್ನು ಮನೆಯಿಂದ ಎಳೆದು ತಂದರು. ಮಗ ಮಾಡಿದ್ದಕ್ಕೆ ತಾಯಿಯ ಸೀರೆ ಕಿತ್ತರು, ಕಂಬಕ್ಕೆ ಕಟ್ಟಿ ಹೊಡೆದರು. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುತ್ತಿದ್ದ ದಿನಗಳವು. ಕರ್ನಾಟಕ ಉಚ್ಚ ನ್ಯಾಯಾಲಯ ತಾನಾಗಿಯೇ ಈ ವಿಷಯವನ್ನು ಕೈಗೆತ್ತಿಕೊಂಡಿತು. ಹೊಡೆದವರ ಬಗ್ಗೆ ಮಾತ್ರವಲ್ಲ, ಸುತ್ತ ನಿಂತು ನೋಡಿದವರ ಬಗ್ಗೆಯೂ ನ್ಯಾಯಮೂರ್ತಿಗಳು ಕೇಳಿದರು. ತಡೆಯಲು ಮುಂದೆ ಬಂದವನು ಒಬ್ಬನೇ, ಅವನಿಗೂ ಏಟು ಬಿದ್ದಿತ್ತು. ಉಳಿದವರು ಸುಮ್ಮನಿದ್ದುದೇಕೆ? ಹಿಂದೆ ಬ್ರಿಟಿಷ್ ಗವರ್ನರ್ ಜನರಲ್ ಬೆಂಟಿಂಕನ ಕಾಲದಲ್ಲಿ ತಪ್ಪಿಗೆ ಇಡೀ ಊರಿಗೇ ದಂಡ ಹಾಕುತ್ತಿದ್ದುದನ್ನು ನ್ಯಾಯಾಲಯ ನೆನಪಿಸಿತು.

ಈ ಸುದ್ದಿ ಓದಿದಾಗ ನಾನೂ ನಿಮ್ಮಂತೆ, ಎಂಥ ಜನ ಇವರು ಎಂದುಕೊಂಡೆ. ಆಮೇಲೆ ನನಗೆ ನನ್ನದೇ ಒಂದು ಸಂಜೆ ನೆನಪಿಗೆ ಬಂತು. ಅದನ್ನು ಇಂದು ನಿಮ್ಮ ಮುಂದೆ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಕಬ್ಬಿನ ಹಂಗಾಮು. ಕಾಯಿಲೆ ಬಿದ್ದ ಹಿರಿಯರೊಬ್ಬರಿಗೆ ಪರಮಪ್ರಸಾದ ಕೊಡಲು ಜೀಪಿನಲ್ಲಿ ಹೊರಟಿದ್ದೆ. ರಸ್ತೆಯಲ್ಲಿ ಗುಂಪು. ಕಬ್ಬಿನ ಟ್ರ್ಯಾಕ್ಟರು ಒಂದು ಬೈಕಿಗೆ ತಾಗಿತ್ತು. ಬೈಕಿನವನಿಗೆ ಮೊಣಕಾಲು ತರಚಿತ್ತು, ಎದ್ದು ಕೂತಿದ್ದ. ಆದರೆ ಟ್ರ್ಯಾಕ್ಟರಿನ ಹುಡುಗನನ್ನು, ಇಪ್ಪತ್ತು ವರ್ಷವೂ ಇರಲಿಕ್ಕಿಲ್ಲ, ಕೆಳಗೆ ಎಳೆದು ಹೊಡೆಯುತ್ತಿದ್ದರು. ಹೊಡೆಯುತ್ತಿದ್ದವರು ನಾಲ್ಕೈದು ಜನ. ಸುತ್ತ ನಿಂತವರು ಮೂವತ್ತು ಜನ. ಕೆಲವರ ಕೈಯಲ್ಲಿ ಮೊಬೈಲು. ನಾನು ಜೀಪು ನಿಧಾನ ಮಾಡಿದೆ. ರೋಗಿ ಕಾಯುತ್ತಿದ್ದಾರೆ ಎಂದುಕೊಂಡೆ. ಪಾದ್ರಿ ಯಾಕೆ ನಡುವೆ ಬಂದ ಎಂದಾರು ಎಂದುಕೊಂಡೆ. ಯಾರಾದರೂ ಬಿಡಿಸುತ್ತಾರೆ ಎಂದುಕೊಂಡೆ. ದಾಟಿ ಹೋದೆ. ನನ್ನ ಜೇಬಿನಲ್ಲಿ ಪರಮಪ್ರಸಾದವಿತ್ತು, ಪ್ರಿಯರೇ. ಶಿಲುಬೆಗೇರಿದ ಪ್ರಭುವಿನ ಶರೀರವನ್ನು ಎದೆಯ ಮೇಲಿಟ್ಟುಕೊಂಡು ದಾಟಿ ಹೋದೆ.

ಜೀಪಿನ ಕನ್ನಡಿಯಲ್ಲಿ ಒಂದು ದೃಶ್ಯ ಕಂಡಿತು. ರಸ್ತೆ ಬದಿಯಲ್ಲಿ ಪೇರಲ ಹಣ್ಣು ಮಾರುತ್ತಿದ್ದ ಮುದುಕಿಯೊಬ್ಬಳು ಬುಟ್ಟಿ ಬಿಟ್ಟು ಎದ್ದು ಬಂದು ಆ ಹುಡುಗನ ಮುಂದೆ ನಿಂತಳು. "ಏ, ಬಿಡ್ರಿ ಅವನ್ನ! ಅವಂಗೂ ಮನ್ಯಾಗ ಅವ್ವ ಅದಾಳ!" ಎಂದು ಕೂಗಿದ್ದು ನನಗೂ ಕೇಳಿಸಿತು. ಎತ್ತಿದ ಕೈ ಇಳಿಯಿತು.

ಯೋಚಿಸದೆ ನಿಲ್ಲುವುದು

ಕಳೆದ ಶತಮಾನದಲ್ಲಿ ಜಗತ್ತು ಎರಡು ಮಹಾಯುದ್ಧಗಳನ್ನು ಕಂಡಿತು. ಅದಕ್ಕಾಗಿ ಅನೇಕ ತತ್ತ್ವಜ್ಞಾನಿಗಳು ಈ ಹಾವನ್ನು ಬಿಟ್ಟಕಣ್ಣಿನಿಂದ ನೋಡಲು ಯತ್ನಿಸಿದರು. ಅವರಲ್ಲಿ ಎಲ್ಲರೂ ಕ್ರೈಸ್ತರಲ್ಲ. ಆದರೆ ಅವರ ಮಾತು ನಮ್ಮ ಪಾಪನಿವೇದನೆಗೆ ಸಹಾಯಕವಾಗಿದೆ.

ಹನ್ನಾ ಅರೆಂಟ್ ಎಂಬ ಯೆಹೂದಿ ಚಿಂತಕಿ 1961ರಲ್ಲಿ ಜೆರುಸಲೇಮಿನಲ್ಲಿ ನಡೆದ ಐಖ್‌ಮನ್ ವಿಚಾರಣೆಯನ್ನು ನೋಡಲು ಹೋದರು. ಲಕ್ಷಗಟ್ಟಲೆ ಯೆಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ವ್ಯವಸ್ಥೆ ಮಾಡಿದ ನಾಜಿ ಅಧಿಕಾರಿ ಅವನು. ರಾಕ್ಷಸನನ್ನು ಕಾಣುವ ನಿರೀಕ್ಷೆ ಎಲ್ಲರದು. ಅರೆಂಟ್ ಕಂಡದ್ದು ಒಬ್ಬ ಸಾಧಾರಣ ಗುಮಾಸ್ತನಂಥವನನ್ನು. ಎದುರಿಗಿರುವವನ ಜಾಗದಲ್ಲಿ ನಿಂತು ಯೋಚಿಸುವ ಶಕ್ತಿಯೇ ಅವನಲ್ಲಿ ಇಲ್ಲ ಎಂದು 1963ರ ತಮ್ಮ ಪುಸ್ತಕದಲ್ಲಿ ಅವರು ಬರೆದರು. ಐಖ್‌ಮನ್ ಮನಸ್ಸಿನಲ್ಲಿ ದ್ವೇಷವೂ ಚೆನ್ನಾಗಿಯೇ ಇತ್ತೆಂದು ಆಮೇಲಿನ ಇತಿಹಾಸಕಾರರು ತೋರಿಸಿಕೊಟ್ಟಿದ್ದಾರೆ. ಆದರೂ ಅರೆಂಟ್ ಎತ್ತಿದ ಪ್ರಶ್ನೆ ನಮ್ಮನ್ನು ಬಿಡುವುದಿಲ್ಲ. ದೊಡ್ಡ ಕೇಡಿಗೆ ದೊಡ್ಡ ದುಷ್ಟರೇ ಬೇಕಾಗಿಲ್ಲ. ಯೋಚಿಸದೆ ನಿಂತಿರುವ ಒಳ್ಳೆಯ ಜನ ಸಾಕು.

ಇದನ್ನು ತಿಳಿಯಲು ನಾವು ಯೂರೋಪಿನ ತನಕ ಹೋಗಬೇಕಾಗಿಯೂ ಇಲ್ಲ. ಶೇಡಬಾಳ, ಐನಾಪುರ, ಸದಲಗಾ, ಭೋಜ: ನಮ್ಮ ಸುತ್ತಲ ಊರುಗಳಲ್ಲಿ ಜೈನ ಬಾಂಧವರು ತಲೆತಲಾಂತರದಿಂದ ಬಾಳಿದ್ದಾರೆ. ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರನ್ನು ನಾಡೆಲ್ಲ ಬಲ್ಲದು. ಹಿಂಸೆ ಮೂರು ಬಗೆಯಲ್ಲಿ ನಡೆಯುತ್ತದೆ ಎಂದು ಜೈನಧರ್ಮ ಕಲಿಸುತ್ತದೆ: ಕೃತ, ಕಾರಿತ, ಅನುಮೋದಿತ. ತಾನೇ ಮಾಡುವುದು, ಬೇರೆಯವರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪಿಕೊಳ್ಳುವುದು. ನಮ್ಮ ಬಲಿಪೂಜೆಯ ಆರಂಭದಲ್ಲೂ ನಾವು ಎದೆ ಬಡಿದುಕೊಂಡು ಆಲೋಚನೆಯ, ಮಾತಿನ, ಕ್ರಿಯೆಯ ಪಾಪಗಳ ಜೊತೆಗೆ, ಮಾಡಬೇಕಾದುದನ್ನು ಮಾಡದೆ ಬಿಟ್ಟ ಪಾಪವನ್ನೂ ಒಪ್ಪಿಕೊಳ್ಳುತ್ತೇವೆ. ಆ ನಾಲ್ಕನೆಯದನ್ನು ನಾವು ಎಷ್ಟು ಬೇಗ ಹೇಳಿ ಮುಗಿಸುತ್ತೇವೆ!

ಅಹಿಂಸೆಯ ಈ ಸೀಮೆಯಲ್ಲೇ 2023ರ ಜುಲೈನಲ್ಲಿ ಚಿಕ್ಕೋಡಿ ತಾಲೂಕಿನ ಹಿರೇಕೋಡಿಯ ಆಶ್ರಮದಲ್ಲಿದ್ದ ಜೈನಮುನಿ ಕಾಮಕುಮಾರ ನಂದಿ ಮಹಾರಾಜರ ಕೊಲೆಯಾಯಿತು. ಹಣದ ವ್ಯವಹಾರವೇ ಕಾರಣವೆಂದು ಪೊಲೀಸರು ಹೇಳಿದರು. ಒಳ್ಳೆಯ ಬೋಧನೆ ಇರುವ ನಾಡಿನಲ್ಲಿ ಹಾವು ಇರುವುದಿಲ್ಲ ಎಂದು ಯಾರೂ ನಿಶ್ಚಿಂತರಾಗಿರಬಾರದು. ನಮಗೂ ಅದೇ ಮಾತು.

ಯಾರ ಸಿಟ್ಟು ಯಾರ ಮೇಲೆ?

ಫ್ರಾನ್ಸ್ ದೇಶದ ರೆನೆ ಜಿರಾರ್ ಎಂಬ ಚಿಂತಕರು, ಕಥೋಲಿಕ ವಿಶ್ವಾಸಿ, 2015ರಲ್ಲಿ ನಿಧನರಾದರು. ಗುಂಪಿನೊಳಗೆ ಜಗಳ ಬೆಳೆದಾಗ ಎಲ್ಲರ ಸಿಟ್ಟೂ ಒಬ್ಬನ ಮೇಲೆ ತಿರುಗುತ್ತದೆ, ಆ ಒಬ್ಬನನ್ನು ಬಲಿ ಕೊಟ್ಟ ಮೇಲೆ ಉಳಿದವರಿಗೆ ಸಮಾಧಾನವಾಗುತ್ತದೆ ಎಂಬುದು ಅವರ ಜೀವಮಾನದ ಶೋಧ. ಹಳೆಯ ಕಥೆಗಳು ಬಲಿಯಾದವನೇ ತಪ್ಪಿತಸ್ಥ ಎನ್ನುತ್ತವೆ. ಶುಭಸಂದೇಶವು ಬಲಿಯಾದವನು ನಿರಪರಾಧಿ ಎಂದು ಸಾರುತ್ತದೆ, ಗುಂಪಿನ ಗುಟ್ಟನ್ನು ಬಯಲು ಮಾಡುತ್ತದೆ ಎಂದು ಜಿರಾರ್ ತೋರಿಸಿದರು.

ಗಡಿಯಲ್ಲಿರುವ ನಮಗೆ ಇದು ಬೇಗ ಅರ್ಥವಾಗಬೇಕು. ಇಲ್ಲಿ ಎಷ್ಟೋ ಮನೆಗಳಲ್ಲಿ ಅತ್ತೆ ಕನ್ನಡ, ಸೊಸೆ ಮರಾಠಿ. ಸಂತೆಯಲ್ಲಿ ಎರಡೂ ಭಾಷೆ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಆದರೆ 2025ರ ಫೆಬ್ರವರಿಯಲ್ಲಿ ಬೆಳಗಾವಿಯ ಹತ್ತಿರ ಒಬ್ಬ ಬಸ್ ಕಂಡಕ್ಟರ್ ಭಾಷೆಯ ಹೆಸರಿನಲ್ಲಿ ಪೆಟ್ಟು ತಿಂದರು. ಅದಕ್ಕೆ ಉತ್ತರವಾಗಿ ದೂರದ ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಒಬ್ಬ ಬಸ್ ಚಾಲಕನ ಮುಖಕ್ಕೆ ಮಸಿ ಬಳಿದರು. ಎರಡೂ ರಾಜ್ಯಗಳ ನಡುವೆ ಬಸ್ಸುಗಳು ನಿಂತವು. 1956ರ ರಾಜ್ಯ ಪುನರ್ವಿಂಗಡಣೆಯಿಂದ ಬಂದ ವಿವಾದವನ್ನು ಆ ಕಂಡಕ್ಟರ್ ಹುಟ್ಟುಹಾಕಿದರೇ? ಆ ಚಾಲಕ ಬಗೆಹರಿಸಬಲ್ಲರೇ? ಇಬ್ಬರೂ ಮನೆಮಂದಿಯ ಹೊಟ್ಟೆಪಾಡಿಗೆ ದುಡಿಯುತ್ತಿದ್ದವರು. ವಂಟಮುರಿಯ ತಾಯಿಯೂ ಹಾಗೆಯೇ. ಸಿಟ್ಟು ಬಂದದ್ದು ಒಬ್ಬರ ಮೇಲೆ, ಕೈಗೆ ಸಿಕ್ಕವರು ಇನ್ನೊಬ್ಬರು.

ರಕ್ತ ಕಾಣದ ಹಿಂಸೆ

ನಾರ್ವೆಯ ಯೊಹಾನ್ ಗಾಲ್ಟುಂಗ್ ಎಂಬ ಶಾಂತಿ ಸಂಶೋಧಕರು 1969ರಲ್ಲಿ ಇನ್ನೊಂದು ಮಾತು ಹೇಳಿದರು. ಯಾರೂ ಕೈ ಎತ್ತದೆಯೂ ಹಿಂಸೆ ನಡೆಯುತ್ತದೆ. ತಪ್ಪಿಸಬಹುದಾದ ನೋವನ್ನು ಸಮಾಜದ ಕಟ್ಟುಪಾಡೇ ಜನರ ಮೇಲೆ ಹೇರಿದರೆ ಅದೂ ಹಿಂಸೆಯೇ.

ನಮ್ಮ ಹೊಲಗಳನ್ನು ನೋಡಿ. ಹಂಗಾಮು ಶುರುವಾದರೆ ಮಹಾರಾಷ್ಟ್ರದ ಬೀಡ ಮೊದಲಾದ ಬರದ ಜಿಲ್ಲೆಗಳಿಂದ ಕಬ್ಬು ಕಡಿಯುವ ಟೋಳಿಗಳು ನಮ್ಮ ಸೀಮೆಗೂ ಬರುತ್ತವೆ. ಗಂಡ ಹೆಂಡತಿ ಇಬ್ಬರೂ ಸೇರಿ ಲೆಕ್ಕದಲ್ಲಿ ಒಂದು 'ಕೊಯ್ತಾ'. ಕತ್ತಿಯ ಹೆಸರೇ ಮನುಷ್ಯರ ಹೆಸರಾಯಿತು. ಮುಂಗಡ ತೆಗೆದುಕೊಂಡಿರುವುದರಿಂದ ಒಂದು ದಿನ ಕೆಲಸ ತಪ್ಪಿದರೂ ದಂಡ. 2019ರಲ್ಲಿ ಬೀಡ ಜಿಲ್ಲೆಯ ಕಬ್ಬು ಕಡಿಯುವ ಸುಮಾರು 82,000 ಹೆಣ್ಣುಮಕ್ಕಳನ್ನು ವಿಚಾರಿಸಿದಾಗ, 13,000ಕ್ಕೂ ಹೆಚ್ಚು ಮಂದಿಯ ಗರ್ಭಕೋಶವನ್ನು ತೆಗೆಯಲಾಗಿತ್ತೆಂದು ಹೊರಬಿತ್ತು. ಬಿಡುವಿಲ್ಲದ ದುಡಿಮೆ, ಬಯಲಿನ ಗುಡಿಸಲು, ನೀರಿಲ್ಲ, ಬಚ್ಚಲಿಲ್ಲ, ಚಿಕಿತ್ಸೆಗೆ ರಜೆಯಿಲ್ಲ. ಹೆರಿಗೆ, ಮುಟ್ಟು, ಹೊಟ್ಟೆನೋವು ಯಾವುದೂ ದಂಡಕ್ಕೆ ದಾರಿಯಾಗದಿರಲೆಂದು ಬಡವರು ಶರೀರವನ್ನೇ ಕೊಯ್ಸಿಕೊಂಡರೆ, ಹೊಡೆದವರು ಯಾರೆಂದು ತೋರಿಸುವಿರಿ? ನಾವು ಚಹಕ್ಕೆ ಹಾಕುವ ಸಕ್ಕರೆಯಲ್ಲಿ ಆ ಕಹಿಯೂ ಇದೆ. ಹೊಲದ ಬದುವಿನ ಮೇಲೆ ನಿಂತು ನಾವು ಪ್ರತಿವರ್ಷ ಆ ಗುಡಿಸಲುಗಳನ್ನು ನೋಡುತ್ತೇವೆ. ನೋಡುತ್ತಾ ನಿಂತಿದ್ದೇವೆ.

ಶಕ್ತಿ ಬೇರೆ, ಹಿಂಸೆ ಬೇರೆ

ಹಾಗಾದರೆ ಅನ್ಯಾಯ ಕಂಡಾಗ ಕಲ್ಲು ಎತ್ತಬೇಕೇ? ಅನೇಕ ಯುವಕರು ನನ್ನನ್ನು ಹೀಗೆ ಕೇಳಿದ್ದಾರೆ. ಪ್ರಾಮಾಣಿಕ ಪ್ರಶ್ನೆ. ಅರೆಂಟ್ 1970ರ ತಮ್ಮ ಇನ್ನೊಂದು ಪುಸ್ತಕದಲ್ಲಿ ಶಕ್ತಿ ಮತ್ತು ಹಿಂಸೆ ಒಂದೇ ಅಲ್ಲ, ಒಂದಕ್ಕೊಂದು ವಿರುದ್ಧ ಎಂದು ವಾದಿಸಿದರು. ಜನ ಕೂಡಿ ನಿಂತಾಗ ಹುಟ್ಟುವುದು ಶಕ್ತಿ. ಆ ಶಕ್ತಿ ಕೈತಪ್ಪುವಾಗ ಆಯುಧ ಕೈಗೆ ಬರುತ್ತದೆ.

2025ರ ನವೆಂಬರನ್ನು ನೆನೆಯಿರಿ. ಕಬ್ಬಿಗೆ ನ್ಯಾಯವಾದ ದರ ಬೇಕೆಂದು ರೈತರು ಮೂಡಲಗಿ ತಾಲೂಕಿನ ಗುರ್ಲಾಪುರದಲ್ಲಿ ದಿನಗಟ್ಟಲೆ ರಸ್ತೆಯಲ್ಲಿ ಕುಳಿತರು. ಅಲ್ಲೇ ಅಡುಗೆ, ಅಲ್ಲೇ ಊಟ, ಅಲ್ಲೇ ನಿದ್ದೆ. ನಿಮ್ಮಲ್ಲೂ ಕೆಲವರು ರೊಟ್ಟಿ ಕಟ್ಟಿಕೊಂಡು ಹೋಗಿರಬಹುದು. ಸರ್ಕಾರ ಮಾತುಕತೆಗೆ ಬಂತು, ಟನ್ನಿಗೆ 3,300 ರೂಪಾಯಿ ದರ ಘೋಷಣೆಯಾಯಿತು. ಅದು ಶಕ್ತಿ. ಅದೇ ದಿನಗಳಲ್ಲಿ ಹತ್ತರಗಿ ಟೋಲ್ ನಾಕೆಯ ಬಳಿ ಕಲ್ಲುಗಳು ತೂರಿದವು. ಮರುದಿನ ಎಲ್ಲರ ಬಾಯಲ್ಲಿ ಕಬ್ಬಿನ ಮಾತು ಹೋಗಿ ಕಲ್ಲಿನ ಮಾತು ಬಂತು. ಮುಂದಿನ ವಾರ ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯಲ್ಲಿ ಕಬ್ಬು ತುಂಬಿದ ಟ್ರಾಲಿಗಳಿಗೆ ಬೆಂಕಿ ಬಿತ್ತು. ಬೆಂದದ್ದು ಯಾರ ಬೆಳೆ? ರೈತರದೇ. ಹಿಂಸೆ ಯಾವಾಗಲೂ ಹೀಗೆಯೇ, ತಾನು ಯಾರ ಪರವಾಗಿ ಬಂದೆನೆಂದು ಹೇಳುತ್ತದೋ ಅವರ ಕೊಯಿಲನ್ನೇ ಸುಡುತ್ತದೆ.

1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ ಗಾಂಧೀಜಿಯವರು ಸಾರಿದ್ದೂ ಇದೇ ದಾರಿಯನ್ನು. ಪೋಪ್ ಫ್ರಾನ್ಸಿಸ್‌ರವರು 2017ರ ವಿಶ್ವ ಶಾಂತಿ ದಿನದ ಸಂದೇಶವನ್ನು ಅಹಿಂಸೆಗೇ ಮೀಸಲಿಟ್ಟು, ಗಾಂಧೀಜಿಯವರನ್ನು ಅದರಲ್ಲಿ ನೆನೆದರು. 2020ರ 'ಫ್ರಾತೆಲ್ಲಿ ತುತ್ತಿ' ವಿಶ್ವಪತ್ರದಲ್ಲಿ ಒಳ್ಳೆಯ ಸಮಾರಿಯನ ಸಾಮತಿಯನ್ನು ವಿವರಿಸುತ್ತಾ, ಮುಖ ತಿರುಗಿಸಿ ದಾಟಿ ಹೋಗುವವರು ಕಳ್ಳರಿಗೆ ಗುಟ್ಟಾಗಿ ನೆರವಾಗುತ್ತಾರೆ ಎಂಬ ಎಚ್ಚರಿಕೆ ಕೊಟ್ಟರು. ಅದನ್ನು ಓದಿದಾಗ ನನಗೆ ನನ್ನ ಜೀಪು ಕಣ್ಣ ಮುಂದೆ ಬಂತು.

ಶಿಲುಬೆಯ ಹತ್ತಿರಕ್ಕೆ

ಪ್ರಿಯರೇ, ಈ ಹಬ್ಬಕ್ಕೆ ನಮ್ಮ ನಾಡಿನಲ್ಲಿ ಇನ್ನೊಂದು ನೆನಪಿದೆ. 2008ರ ಸೆಪ್ಟೆಂಬರ್ 14, ಭಾನುವಾರ, ಇದೇ ಶಿಲುಬೆಯ ಹಬ್ಬದಂದು ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠವೂ ಸೇರಿದಂತೆ ಕರಾವಳಿಯ ಹಲವು ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದವು. ಅಂದು ನಮಗೆ ನೋವಾಯಿತು, ಸಿಟ್ಟೂ ಬಂತು. ಬಲಿಯಾದವರ ಜಾಗದಲ್ಲಿ ನಿಂತಾಗ, ನೆರೆಯವರು ಸುಮ್ಮನಿರುವುದು ಎಷ್ಟು ಸುಡುತ್ತದೆ ಎಂಬುದನ್ನು ನಾವು ಅರಿತೆವು. ಆ ಅರಿವು ನಮಗೆ ನಮ್ಮ ಗಾಯವನ್ನು ಎಣಿಸುತ್ತಾ ಕೂರುವುದಕ್ಕಲ್ಲ. ಬೇರೆ ಯಾರ ಮನೆಯ ಬಾಗಿಲಿಗೆ ಕಲ್ಲು ಬಿದ್ದರೂ, ಅವರು ಯಾವ ಧರ್ಮದವರೇ ಆಗಿರಲಿ, ನಾವು ಸುಮ್ಮನಿರಬಾರದೆಂಬುದಕ್ಕೆ.

ಕಲ್ವಾರಿಯಲ್ಲಿ ಎಲ್ಲರೂ ದೂರದಲ್ಲೇ ಉಳಿಯಲಿಲ್ಲ. ಹೊಲದಿಂದ ಬರುತ್ತಿದ್ದ ಸಿರೇನಿನ ಸಿಮೋನ ಶಿಲುಬೆಗೆ ಹೆಗಲು ಕೊಟ್ಟ. ಒತ್ತಾಯಕ್ಕೇ ಆದರೂ ಕೊಟ್ಟ. ಮಾತೆ ಮರಿಯಮ್ಮನವರು ಶಿಲುಬೆಯ ಬುಡದಲ್ಲೇ ನಿಂತರು. ನೋಡುತ್ತಾ ನಿಂತಿದ್ದ ಆ ಜನರ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. ನಡೆದದ್ದನ್ನು ಕಂಡು ಎದೆ ಬಡಿದುಕೊಳ್ಳುತ್ತಾ ಅವರು ಹಿಂದಿರುಗಿದರೆಂದು ಸಂತ ಲೂಕರೇ ಬರೆಯುತ್ತಾರೆ. ನನ್ನಂಥವರಿಗೆ ಅಲ್ಲಿ ಭರವಸೆಯಿದೆ. ನೋಡುವುದು ಪಾಪವಾಗಬಹುದು, ಅದೇ ನೋಟ ಬಿಡುಗಡೆಯ ಬಾಗಿಲೂ ಆಗಬಹುದು. ಮೋಶೆಯ ಕಂಬದ ಗುಟ್ಟು ಇದೇ.

ಆದ್ದರಿಂದ ಇಂದು ಮನೆಗೆ ಹೋದ ಮೇಲೆ, ನೆರೆ ಇಳಿದ ಮನೆಯಲ್ಲಿ ನೋಡಿದಂತೆ ಒಮ್ಮೆ ಮೂಲೆ ಮೂಲೆ ನೋಡಿರಿ. ಕುಡಿದು ಬಂದ ಗಂಡನ ಕೈಯಿಂದ ಪಕ್ಕದ ಮನೆಯ ತಂಗಿ ಏಟು ತಿನ್ನುವಾಗ, ಅವರ ಮನೆಯ ವಿಷಯ ನಮಗ್ಯಾಕೆ ಎಂದು ಟಿ.ವಿ.ಯ ಸದ್ದು ಹೆಚ್ಚಿಸಿದ್ದೆವೆಯೇ? ಓದಲಿ ಎಂದು ಮಗುವನ್ನು ಹೊಡೆದು, ಅದು ನಡುಗುವುದನ್ನು ಕಂಡೂ ಕಾಣದಂತಿದ್ದೆವೆಯೇ? ಹೊಡೆಯುವ ವಿಡಿಯೋವನ್ನು ಮೊಬೈಲಿನಲ್ಲಿ ಹತ್ತು ಜನಕ್ಕೆ ಕಳಿಸಿದೆವೆಯೇ? ಈ ಹಂಗಾಮಿನಲ್ಲಿ ನಮ್ಮ ಹೊಲಕ್ಕೆ ಬರುವ ಟೋಳಿಯ ತಾಯಂದಿರಿಗೆ ಕುಡಿಯುವ ನೀರು, ಮರೆಯಿರುವ ಬಚ್ಚಲು, ಅವರ ಮಕ್ಕಳಿಗೆ ಹಗಲು ಹೊತ್ತು ಕೂರಲು ಒಂದು ನೆರಳು, ಇಷ್ಟನ್ನಾದರೂ ನಮ್ಮ ಕುಟುಂಬಗಳು ಸೇರಿ ಮಾಡಬಾರದೇ? ನಾನೂ ನಿಮ್ಮೊಂದಿಗೆ ಬರುತ್ತೇನೆ. ದೊಡ್ಡ ತತ್ತ್ವಶಾಸ್ತ್ರ ಕಲಿತಿರದ ಆ ಹಣ್ಣಿನ ಮುದುಕಿ ಬುಟ್ಟಿ ಬಿಟ್ಟು ಎದ್ದಳು. ಹುಡುಗನನ್ನು ಕಂಡಾಗ ಅವಳಿಗೆ ಅವನ ತಾಯಿ ಕಂಡಳು.

ಇನ್ನು ಸ್ವಲ್ಪ ಹೊತ್ತಿನಲ್ಲಿ ನೀವು ಸಾಲಾಗಿ ಬಂದು ಶಿಲುಬೆಗೆ ಮುತ್ತಿಡುತ್ತೀರಿ. ಮುತ್ತಿಡುವ ಮುನ್ನ ಒಂದು ಕ್ಷಣ ತಲೆ ಎತ್ತಿ ಆ ಮುಖವನ್ನು ನೋಡಿರಿ. ಅವರನ್ನು ಹಾಗೆ ಮಾಡಿದ್ದು ಯಾವುದೆಂದು ನೋಡಿರಿ. ಹಾಗೆ ಮಾಡಿದವರನ್ನೂ ನೋಡುತ್ತಾ ನಿಂತವರನ್ನೂ ಅವರು ಕ್ಷಮಿಸಿದ್ದನ್ನು ನೋಡಿರಿ.

ಶಿಲುಬೆಗೇರಿದ ಪ್ರಭುವೇ, ನಾವು ದಾಟಿ ಹೋದ ದಾರಿಗಳಿಗೆ ನಮ್ಮನ್ನು ಮತ್ತೆ ಕರೆದುಕೊಂಡು ಹೋಗಿರಿ. ಕಣ್ಣು ಮುಚ್ಚದ ಧೈರ್ಯವನ್ನೂ ಕೈ ಎತ್ತದ ಬಲವನ್ನೂ ನಮಗೆ ಕೊಡಿರಿ. ಪೆಟ್ಟು ತಿನ್ನುವವರ ಪಕ್ಕದಲ್ಲಿ ನಿಮ್ಮ ತಾಯಿ ನಿಂತಂತೆ ನಿಲ್ಲಲು ನಮಗೆ ಕಲಿಸಿರಿ. ಆಮೆನ್.